ಐಸ್ ಫ್ಯಾಕ್ಟರಿಯ ದೀಪ, ಆಮೆಮರಿಗಳ ದಾರಿ

ಐಸ್ ಫ್ಯಾಕ್ಟರಿಯ ವಾಚ್‌ಮನ್‌ಗೆ ಕಿವಿ ಮಂದ, ಕಣ್ಣು ಮಾತ್ರ ಬಲು ಚುರುಕು. ಕತ್ತಲಲ್ಲೂ ಬಂದವರು ಯಾರೆಂದು ಹೇಳಿಬಿಡುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನು ಗೂಬಣ್ಣ. ಕಟ್ಟಿಕೊಂಡ ಹೆಂಡತಿಯೇ ಹಾಗೆ ಕರೆಯುವಾಗ ಊರವರ ಮೇಲೆ ಸಿಟ್ಟಾಗಿ ಏನು ಬಂತು!

ಒಮ್ಮೆ ಕಳ್ಳತನವಾದ ಮೇಲೆ ಯಜಮಾನರು ಕಡಲ ಕಡೆಯ ಹಿಂದಿನ ಗೋಡೆಗೆ ದೊಡ್ಡ ದೀಪ ಹಾಕಿಸಿದ್ದರು. ಅದು ಆರಿದ ದಿನವೇ ಅವನು ಮನೆಗೆ ಎಂದು ಕಟ್ಟಪ್ಪಣೆ. ಅರವತ್ತೆರಡರ ಮುದುಕನಿಗೆ ಬೇರೆ ಯಾರು ಕೆಲಸ ಕೊಟ್ಟಾರು?

ಹೋದ ವರ್ಷ ಗೋಡೆಯಾಚೆಯ ಮರಳಿನಲ್ಲಿ ಕಡಲಾಮೆಯ ಮೊಟ್ಟೆಗಳೊಡೆದವು. ಮರಿಗಳಿಗೆ ಬೆಳಕಿರುವ ಕಡೆಯೇ ಕಡಲು. ಪಾಪ, ದೀಪದತ್ತ ತೆವಳಿ ಬಂದು ಗೋಡೆಯ ಬುಡದಲ್ಲಿ ಒಣಗಿ ಸತ್ತವು. ಬೆಳಿಗ್ಗೆ ಪೊರಕೆ ಹಿಡಿದು ಗುಡಿಸಿದವನು ಗೂಬಣ್ಣನೇ.

ಈ ವರ್ಷವೂ ತಾಯಾಮೆಯೊಂದು ಅಲ್ಲಿಯೇ ಮೊಟ್ಟೆಯಿಟ್ಟಿತು. ದಂಡೆ ಅಷ್ಟುದ್ದ ಬಿದ್ದಿರುವಾಗ ಅದಕ್ಕೆ ಈ ಹಾಳು ಗೋಡೆಯೇ ಬೇಕಿತ್ತೇ! ಗೂಬಣ್ಣ ಗುರುತಿಗೆ ಗೂಟ ನೆಟ್ಟು ದಿನ ಎಣಿಸಿದ. ದೀಪ ತಿರುಗಿಸೋಣವೆಂದು ಯಜಮಾನರನ್ನು ಕೇಳಲು ಎರಡು ಸಲ ಪಕ್ಕದಲ್ಲೇ ಇದ್ದ ಅವರ ಮನೆಯ ಮೆಟ್ಟಿಲವರೆಗೆ ಹೋಗಿ, ಬಾಯಿ ಬಾರದೆ ಮರಳಿದ.

ಐವತ್ತನೆಯ ದಿನ ಮುಸ್ಸಂಜೆ, ದೀಪ ಹತ್ತಿ ಸ್ವಲ್ಪ ಹೊತ್ತಾಗಿತ್ತು. ಗೂಟದ ಪಕ್ಕ ಮರಳು ಕುಸಿಯಿತು. ಮರಿಗಳು ಒಂದರ ಮೇಲೊಂದು ಹತ್ತಿ ಹೊರಬಂದವು. ಬಂದವೇ ಗೋಡೆಯತ್ತ ಹೊರಟವು.

ದೀಪ ಆರಿಸುವಂತಿಲ್ಲ, ಕೈಕಟ್ಟಿ ನೋಡುವಂತೆಯೂ ಇಲ್ಲ. ಗೂಬಣ್ಣ ಐಸಿಗೆ ಹೊದಿಸುವ ಒದ್ದೆ ಗೋಣಿಚೀಲ ಎಳೆದು ತಂದು, ಏಣಿ ಹತ್ತಿ ದೀಪಕ್ಕೆ ಮುಚ್ಚಿದ. ಆರಿಸಿಲ್ಲ, ಬರೀ ಮುಚ್ಚಿದ್ದು ಎನ್ನಬಹುದಲ್ಲ! ಇಪ್ಪತ್ತು ವರ್ಷ ಐಸಿನೊಂದಿಗೆ ಏಗಿದವನಿಗೆ, ಕಾದ ಗಾಜಿಗೆ ಆ ತಣ್ಣೀರು ತಾಗಿದರೆ ಏನಾಗುತ್ತದೆಂದು ಹೊಳೆಯಲಿಲ್ಲ ನೋಡಿ. ದೀಪ ಢಬ್ಬೆಂದು ಒಡೆಯಿತು.

ಸದ್ದಿಗೆ ಯಜಮಾನರು ಟಾರ್ಚ್ ಹಿಡಿದು ಓಡಿಬಂದರು. ಗೂಬಣ್ಣ ಏಣಿಯಿಳಿದು ಟಾರ್ಚಿನ ಗಾಜಿಗೆ ಅಂಗೈ ಅಡ್ಡ ಹಿಡಿದ.

"ಒಡೆದಿದ್ದು ನಾನೇ ಯಜಮಾನ್ರೇ. ನಾಳೆಯಿಂದ ಬರಬೇಡ ಅಂದ್ರೆ ಬರಲ್ಲ. ಇವು ನೀರು ಮುಟ್ಟೋವರೆಗೆ ಮಾತ್ರ ಇದನ್ನ ಆರಿಸಿ."

ಯಜಮಾನರು ಟಾರ್ಚ್ ಆರಿಸಿದರು.

ಕಡಲ ಮೇಲೆ ಸಂಜೆಯ ಬೆಳಕು ಇನ್ನೂ ಉಳಿದಿತ್ತು. ಮರಿಗಳು ತಡವರಿಸಿದವು, ಆಮೇಲೆ ಒಂದೊಂದಾಗಿ ಅತ್ತ ತಿರುಗಿದವು. ಕೊನೆಯದನ್ನು ಅಲೆ ಎತ್ತಿಕೊಳ್ಳುವವರೆಗೂ ಇಬ್ಬರೂ ಅಲ್ಲೇ ನಿಂತು ನೋಡಿದರು.

"ಹೋದ ವರ್ಷ ಗುಡಿಸಿದ್ಯಲ್ಲ, ಅವೂ ಇಂಥವೇನಾ?"

ಗೂಬಣ್ಣ ಹೌದೆಂದು ತಲೆಯಾಡಿಸಿದ.

"ಒಂದು ಮಾತು ನನಗೆ ಹೇಳೋಕೆ ಏನಾಗಿತ್ತಯ್ಯಾ?" ಎಂದ ಯಜಮಾನರು ತಲೆಯೆತ್ತಿ ಒಡೆದ ದೀಪವನ್ನು ನೋಡಿದರು. ಆಮೇಲೆ ಹೇಳಿದರು: "ನಾಳೆ ನೀನೇ ನಿಂತು ಹೊಸ ದೀಪ ಹಾಕ್ಸು. ಬೀದಿ ಕಡೆಗೆ."