ನಾನು ಓದದೆ ಬಿಟ್ಟ ಹನ್ನೆರಡು ಪುಟ

೧೯೫೮ರಲ್ಲಿ ನಾನು ಸೊರಬದ ವಾಚನಾಲಯದಲ್ಲಿ ಲೈಬ್ರೇರಿಯನ್ ಆಗಿದ್ದೆ. ಪುಸ್ತಕ ಕೊಡುವುದು, ವಾಪಸು ತೆಗೆದುಕೊಳ್ಳುವುದು, ರಿಜಿಸ್ಟರ್ ಬರೆಯುವುದು ನನ್ನ ಕೆಲಸ. ಇದರ ಜೊತೆಗೆ ನಾನೇ ಮೈಮೇಲೆ ಹಾಕಿಕೊಂಡದ್ದು ಇನ್ನೊಂದಿತ್ತು: ಪ್ರತಿ ಸಂತೆಯ ದಿನ ಮಧ್ಯಾಹ್ನ, ಓದು ಬಾರದವರಿಗೆ ಕಾದಂಬರಿ ಓದಿ ಹೇಳುವುದು. ಸಂತೆ ಮುಗಿಸಿದವರು ಚೀಲಗಳನ್ನು ಬಾಗಿಲಲ್ಲಿಟ್ಟು ಬಂದು ಕೂರುತ್ತಿದ್ದರು. ನಾನು ಮೇಷ್ಟ್ರಲ್ಲದಿದ್ದರೂ ಅವರಿಗೆಲ್ಲ ಮೇಷ್ಟ್ರೇ.

ಜನ ಮತ್ತೆ ಮತ್ತೆ ಓದಿಸುತ್ತಿದ್ದದ್ದು ಒಂದು ಹಳೆಯ ರಾಜಕೀಯ ಕಾದಂಬರಿ. ಗೇಣಿ ರೈತರು ಧಣಿಯ ಎದುರು ನಿಲ್ಲುವ ಕಥೆ. ಮೂರು ಸಲ ಓದಿದ್ದೆ. ಪಾತ್ರಕ್ಕೊಂದು ದನಿ ತೆಗೆಯುತ್ತಿದ್ದೆ. ಅದನ್ನು ಬರೆದವನೇ ನಾನು ಎನ್ನುವಷ್ಟು ಜಂಬ ಬಂದಿತ್ತು.

ಅಷ್ಟರಲ್ಲಿ ಅದನ್ನೇ ಸಿನಿಮಾ ಮಾಡಿದರು. ಶಿಕಾರಿಪುರದ ಟಾಕೀಸಿಗೆ ಬಂತು. ನನ್ನ ಜನ ಬಸ್ಸು ಹತ್ತಿ ಹೋದರು. ನಲವತ್ತು ಮಂದಿ ಕೂರುತ್ತಿದ್ದ ಕಡೆ ಏಳು ಮಂದಿ ಉಳಿದರು. ಅವರೂ ಸಿನಿಮಾದ ಮಾತನ್ನೇ ಆಡುತ್ತಿದ್ದರು. ಹೊಟ್ಟೆ ಉರಿದುಹೋಯಿತು. ಒಳ್ಳೇ ಪುಸ್ತಕವಿರುವಾಗ ಅದನ್ನು ಸಿನಿಮಾ ಮಾಡಿ ಕೆಡಿಸುವುದು ಯಾವ ಪುರುಷಾರ್ಥಕ್ಕೆ ಎಂದು ಕಂಡಕಂಡವರ ಮೇಲೆ ಹರಿಹಾಯ್ದೆ.

ತಪ್ಪು ಹುಡುಕಲೆಂದೇ ನಾನೂ ಮ್ಯಾಟಿನಿಗೆ ಹೋದೆ. ತಪ್ಪುಗಳು ಸಿಕ್ಕವು, ಬೇಕಾದಷ್ಟು. ಆಮೇಲೆ ಕಣದ ದೃಶ್ಯ ಬಂತು. ನಮ್ಮ ಕಡೆ ರಾಶಿ ಪೂಜೆ ಆಗುವವರೆಗೆ ಯಾರೂ ಭತ್ತ ಅಳೆಯುವುದಿಲ್ಲ, ಚಪ್ಪಲಿ ಮೆಟ್ಟಿ ಕಣಕ್ಕೆ ಇಳಿಯುವುದಿಲ್ಲ. ಸಿನಿಮಾದ ಧಣಿ ಮೆಟ್ಟು ಹಾಕಿಕೊಂಡೇ ಬಂದು ರಾಶಿಯನ್ನು ಒದ್ದ. ಗೇಣಿದಾರನ ಹೆಂಡತಿ ಆ ರಾಶಿಯನ್ನು ಅಪ್ಪಿಕೊಂಡು ಮಲಗಿಬಿಟ್ಟಳು. ಟಾಕೀಸಿಗೆ ಟಾಕೀಸೇ ಅತ್ತಿತು. ನನ್ನ ಓದಿಗೆ ಒಬ್ಬರೂ ಅತ್ತಿರಲಿಲ್ಲ. ಅಳುವುದಾದರೂ ಹೇಗೆ? ಪುಸ್ತಕದಲ್ಲಿದ್ದ ಆ ಅಧ್ಯಾಯವನ್ನು ನಾನು ಒಮ್ಮೆಯೂ ಅವರಿಗೆ ಓದಿ ಹೇಳಿರಲಿಲ್ಲ. ವಾಚನಾಲಯದ ಕಟ್ಟಡ ಊರಿನ ದೊಡ್ಡ ಜಮೀನುದಾರರದ್ದು. ಅವರು ಮುಂದಿನ ಬೆಂಚಿನಲ್ಲಿ ಕೂತು ಕೇಳುತ್ತಿದ್ದರು. ಅವರಿಗೆ ಬೇಸರವಾದೀತೆಂದು ಹನ್ನೆರಡು ಪುಟ ಹಾರಿಸಿ ಮುಂದೆ ಹೋಗುತ್ತಿದ್ದೆ.

ಕೆಲವು ವಾರಗಳಲ್ಲಿ ಟೂರಿಂಗ್ ಟಾಕೀಸಿನವರೊಬ್ಬರು ಸೊರಬದಲ್ಲೂ ಟೆಂಟ್ ಹಾಕಿ ಆ ಸಿನಿಮಾ ತೋರಿಸಲು ಲೈಸೆನ್ಸ್ ಕೇಳಿದರು. ಜಮೀನುದಾರರು ತಕರಾರು ತೆಗೆದರು: ರಾಶಿ ಒದೆಯುವುದು ಪುಸ್ತಕದಲ್ಲಿಲ್ಲ, ಜನರನ್ನು ಕೆರಳಿಸಲು ಸೇರಿಸಿದ್ದಾರೆ ಎಂದು. ಪುಸ್ತಕ ಬಲ್ಲವನೆಂದು ತಾಲ್ಲೂಕಿನ ಅಮಲ್ದಾರರು ನನ್ನ ಅಭಿಪ್ರಾಯ ಕೇಳಿದರು. ಕಾದಂಬರಿ ಮೇಜಿನ ಮೇಲೇ ಇತ್ತು. "ಸದರಿ ದೃಶ್ಯವು ಮೂಲದಲ್ಲಿ ಇರುವುದಿಲ್ಲ" ಎಂದು ಬರೆದು ಸಹಿ ಹಾಕಿದೆ. ಜಮೀನುದಾರರ ಭಯಕ್ಕಲ್ಲ, ಸುಳ್ಳೇಕೆ ಹೇಳಲಿ, ಹೊಟ್ಟೆಕಿಚ್ಚಿಗೆ. ಲೈಸೆನ್ಸ್ ನಿಂತಿತು.

ಮುಂದಿನ ಸಂತೆಗೆ ಕರಿಯಪ್ಪ ಬಂದ. ಚಂದ್ರಗುತ್ತಿ ಕಡೆಯವನು, ಕುರಿ ಸಾಕುತ್ತಿದ್ದ, ಗೇಣಿಗೆ ಒಂದು ತುಂಡು ಗದ್ದೆಯೂ ಇತ್ತು. ಒಂದು ವಾರವೂ ನನ್ನ ಓದು ತಪ್ಪಿಸಿದವನಲ್ಲ. ಅವತ್ತು ಅವನ ತುಟಿ ಒಡೆದು ಊದಿತ್ತು. ಶಿಕಾರಿಪುರದಲ್ಲಿ ಸಿನಿಮಾ ನೋಡಿ ಬರುವಾಗ, ಆ ದೃಶ್ಯ ಪುಸ್ತಕದಲ್ಲಿದೆ ಎಂದ ಯಾರೋ ಓದಿದವನ ಜೊತೆ ಕೈಕೈ ಮಿಲಾಯಿಸಿದ್ದನಂತೆ. ನಮ್ಮ ಮೇಷ್ಟ್ರು ಓದಿಲ್ಲ ಅಂದಮೇಲೆ ಇಲ್ಲ ಎನ್ನುವುದು ಅವನ ವಾದ. ಅಷ್ಟು ಹೇಳಿ ಕೂತು, ಮೆಲ್ಲಗೆ ಅಂದ:

"ಆದ್ರೂ ಮೇಷ್ಟ್ರೆ, ಅದು ಪುಸ್ತಕದಾಗೆ ಇದ್ದಿದ್ರೆ ಚೆನ್ನಾಗಿರ್ತಿತ್ತು. ನಮ್ಮವ್ವನೂ ಹಂಗೇ ರಾಶಿ ಮ್ಯಾಲೆ ಬಿದ್ದಿದ್ಲು."

ಪುಸ್ತಕ ತೆಗೆದು ಆ ಹನ್ನೆರಡು ಪುಟ ಓದಿದೆ. ಜಮೀನುದಾರರು ನಡುವೆಯೇ ಎದ್ದು ಹೋದರು. ಓದು ಮುಗಿದ ಮೇಲೆ ಕರಿಯಪ್ಪ ಹತ್ತಿರ ಬಂದು ಆ ಪುಟದ ಮೇಲೆ ಬೆರಳಿಟ್ಟ.

"ಮೂರು ಸಲಾನೂ ಇದು ಇಲ್ಲೇ ಇತ್ತಾ?"

ಇತ್ತು ಎಂದೆ. ಅವನು ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಮರುದಿನ ಅಮಲ್ದಾರರಿಗೆ ತಪ್ಪೊಪ್ಪಿಗೆ ಬರೆದುಕೊಟ್ಟೆ. ನನಗೆ ಎಚ್ಚರಿಕೆಯ ಪತ್ರ ಬಂತು, ವಾಚನಾಲಯ ಆ ಕಟ್ಟಡ ಬಿಡಬೇಕಾಯಿತು, ಸಿನಿಮಾ ಸೊರಬಕ್ಕೆ ಬಂತು. ಹಳೆಯ ರಾಜಕೀಯ ಕಾದಂಬರಿಗಳನ್ನು ಮತ್ತೆ ಸಿನಿಮಾ ಮಾಡುವುದು ಸಾರ್ಥಕವೇ ಎಂದು ಈಗಲೂ ಕೇಳುವವರಿದ್ದಾರೆ. ಧಾರಾಳವಾಗಿ ಮಾಡಲಿ ಎನ್ನುತ್ತೇನೆ. ಪುಸ್ತಕ ಕಾಯುವವರು ಯಾವ ಪುಟ ಮುಚ್ಚಿಟ್ಟಿದ್ದಾರೆಂದು ಓದು ಬಾರದವರಿಗೆ ಬೇರೆ ಹೇಗೆ ಗೊತ್ತಾಗಬೇಕು? ಇದು ಕೆಲಸ ಕಲಿಸಿದ ಪಾಠ, ಒಪ್ಪಿಕೊಂಡಿದ್ದೇನೆ. ಆದರೆ ಕರಿಯಪ್ಪ ಟೆಂಟಿನಲ್ಲಿ ಆ ಸಿನಿಮಾವನ್ನು ನಾಲ್ಕು ಸಲ ನೋಡಿದ, ನನ್ನ ಓದಿಗೆ ಮತ್ತೆ ಬರಲೇ ಇಲ್ಲ.