ಮೂರು ಹುಣ್ಣಿಮೆ ಮರದ ಮೇಲೆ

ಪಕ್ಕದ ಮನೆಯ ಲಿನ್ ಅವರನ್ನು ನಾನು ಮೂರು ಹುಣ್ಣಿಮೆ ಮರ ಹತ್ತಿಸಿ ಕೂರಿಸಿದ್ದೆ. ಅದು ನನಗೆ ಗೊತ್ತಾಗಿದ್ದು ಅವರು ಮನೆ ಖಾಲಿ ಮಾಡಿದ ದಿನ.

ಲಿನ್ ವಿಯೆಟ್ನಾಮಿನವರು; ನನ್ನಂತೆ ಈ ದೇಶಕ್ಕೆ ವಲಸೆ ಬಂದವರು. ಇಲ್ಲಿ ಲೀಕ್ಸ್‌ಲಿಪ್‌ನಲ್ಲಿ ನಮ್ಮಿಬ್ಬರ ಮನೆ ನಡುವೆ ಒಂದೇ ಬೇಲಿ. ಬಟ್ಟೆ ಒಣಹಾಕುತ್ತಾ ಇಂಗ್ಲಿಷಿನಲ್ಲೇ ತಮ್ಮೂರಿನ ಆಡುಮಾತು ಹೇಳಿಕೊಡುತ್ತಿದ್ದರು. ಹರಟೆ ಹೊಡೆಯುವುದಕ್ಕೆ ಅವರಲ್ಲಿ ಕರಬೂಜ ಮಾರುವುದು ಅಂತಾರಂತೆ. ಬಡಾಯಿಗೆ ಗಾಳಿ ಕೊಚ್ಚುವುದು. (ನಾವೂ ಕೊಚ್ಚುತ್ತೇವಲ್ಲ!) ಬಿಸಿಲು ಇದ್ದಷ್ಟು ಹೊತ್ತು ಇಬ್ಬರೂ ಕರಬೂಜ ಮಾರಿದೆವು. ಈ ದೇಶದಲ್ಲಿ ಅಷ್ಟು ಬಿಸಿಲು ಸಿಕ್ಕಿದ್ದೇ ದೇವರ ದಯೆ.

ಹುಣ್ಣಿಮೆಗೆ ನಮ್ಮನೆಯಲ್ಲಿ ಸತ್ಯನಾರಾಯಣ ಪೂಜೆ. ಬೌದ್ಧರಾದ ಲಿನ್ ಕೂಡ ಅವತ್ತು ಮೀನು, ಮಾಂಸ ಮುಟ್ಟುವುದಿಲ್ಲ. ಬಂದು, ಎರಡೂ ಕೈ ಒಡ್ಡಿ ಪ್ರಸಾದ ತಿಂದು, "ಸಾಯಂಕಾಲ ಊಟಕ್ಕೆ ನಮ್ಮಲ್ಲಿಗೆ ಬನ್ನಿ, ಇವತ್ತು ನಮ್ಮದೂ ವೆಜ್" ಎಂದು ಕರೆದು ಹೋಗುತ್ತಿದ್ದರು.

ನಾನು ಪ್ರತಿ ಸಲವೂ "ಖಂಡಿತಾ ಬರ್ತೀನಿ" ಅಂದೆ. ಒಮ್ಮೆಯೂ ಹೋಗಲಿಲ್ಲ.

ಅವರ ಬಾಣಲೆಗೆ ಮೀನಿನ ಸಾಸ್ ಹಿಡಿದಿರುತ್ತದಲ್ಲ ಎಂಬ ಅಳುಕು. ಹಾಗಂತ ಬಾಯಿಬಿಟ್ಟು ಹೇಳುವುದುಂಟೆ? ನಮ್ಮ ಕಡೆ ಪ್ರೀತಿಯಿಂದ ಕರೆದವರಿಗೆ "ಬರಲ್ಲ" ಅನ್ನುವುದು ಒರಟುತನ. "ಬರ್ತೀನಿ" ಅಂದು ಹೋಗದಿದ್ದರೆ ಅವರೇ ಅರ್ಥ ಮಾಡಿಕೊಳ್ಳುತ್ತಾರೆ. ಅಲ್ಲವೇ? ಇಲ್ಲೇ ಹುಟ್ಟಿದ ನನ್ನ ಮಗಳು ಮಾತ್ರ, "ಜಸ್ಟ್ ಸೇ ನೋ, ಅಮ್ಮಾ. ಶೀ ವಿಲ್ ಬಿ ಗ್ರ್ಯಾಂಡ್" ಅಂದಿದ್ದಳು. ಇಲ್ಲಿನವರ ಮಾತಲ್ಲಿ ಗ್ರ್ಯಾಂಡ್ ಅಂದರೆ, ಏನೂ ಬೇಜಾರಿಲ್ಲ ಅಂತ. ದೊಡ್ಡವರ ವಿಷಯಕ್ಕೆ ಬರಬೇಡ ಎಂದು ಗದರಿಸಿದ್ದೆ.

ಲಿನ್ ಅವರ ಯಜಮಾನರಿಗೆ ದೂರದ ಕಾರ್ಕ್‌ನಲ್ಲಿ ಕೆಲಸ ಸಿಕ್ಕಿತು. ಹೊರಡುವ ಬೆಳಿಗ್ಗೆ ಲಿನ್ ಒಂದು ಬಾಣಲೆ ತಂದು ನನ್ನ ಕೈಗಿಟ್ಟರು. ಹಿಡಿಗೆ ಗುರುತಿಗೆಂದು ಕೆಂಪು ದಾರ ಕಟ್ಟಿತ್ತು.

"ನಿಮಗೇ ಅಂತ ಬೇರೆ ತಗೊಂಡಿದ್ದೆ. ಇದಕ್ಕೆ ಮೀನು ತಾಗೇ ಇಲ್ಲ. ಮೂರು ಹುಣ್ಣಿಮೆ ಬರೀ ತೋಫು ಹುರಿದಿದ್ದೀನಿ."

ನನ್ನ ಮುಖ ನೋಡಿ ಅವರಿಗೇ ಪಾಪ ಅನ್ನಿಸಿತೇನೋ, ನಕ್ಕರು. "ಬರ್ತೀನಿ ಅಂತ ಹೇಳಿ ಬರದೆ ಕಾಯಿಸಿದ್ರೆ, ನಮ್ಮಲ್ಲಿ ಮರ ಹತ್ತಿಸಿದ್ರು ಅಂತೀವಿ. ನೀವು ನನ್ನ ಮೂರು ಸಲ ಹತ್ತಿಸಿದ್ರಿ."

ಸತ್ಯನಾರಾಯಣನ ಕಥೆಯಲ್ಲಿ ಹರಕೆ ಹೊತ್ತು ಮರೆತ ವರ್ತಕನ ಪಾಡನ್ನು ಪ್ರತಿ ಹುಣ್ಣಿಮೆಯೂ ಗಟ್ಟಿಯಾಗಿ ಓದುವವಳು ನಾನು. ಯಾರಿಗೆ ಓದುತ್ತಿದ್ದೆ?

ಈಗ ಅವರು ಕಾರ್ಕ್ ಪಕ್ಕದ ಡಗ್ಲಸ್‌ನಲ್ಲಿದ್ದಾರೆ. ಮುನಿಸಿಕೊಂಡಿಲ್ಲ, ಅದೇ ಪುಣ್ಯ. ಮೊನ್ನೆ ಫೋನ್ ಮಾಡಿ, ಈ ಹುಣ್ಣಿಮೆಗೆ ಬರುತ್ತೀರಾ ಎಂದು ಕೇಳಿದರು. ನಮ್ಮನೆಯಲ್ಲಿ ಅದೇ ದಿನ ಪೂಜೆ, ಅಲ್ಲಿಗೆ ಮೂರು ಗಂಟೆ ದಾರಿ. ಅದೆಲ್ಲ ನೆನಪಾಗುವ ಮೊದಲೇ ಬಾಯಿ "ಖಂಡಿತಾ ಬರ್ತೀನಿ" ಅಂದುಬಿಟ್ಟಿತು. ಮಗಳು ತನ್ನ ಫೋನಿನಿಂದ ತಲೆಯೆತ್ತಿ ನನ್ನನ್ನೇ ನೋಡಿದಳು.

ಹುಣ್ಣಿಮೆ ನಾಡಿದ್ದು. ಬಸ್ ಟಿಕೆಟ್ ಇನ್ನೂ ಬುಕ್ ಮಾಡಿಲ್ಲ. ಲಿನ್ ಈಗ ಎಷ್ಟನೇ ಕೊಂಬೆಯಲ್ಲಿದ್ದಾರೋ?