ಬಿಳಿ ಬಟ್ಟೆ ಹೊದಿಸಿದ ಮೇಜು

ದೆಹಲಿಯ ಹಳೇ ಅಂಚೆಚೀಟಿ ವ್ಯಾಪಾರಿಗಳ ಸಂಘಕ್ಕೆ ಅವರು ಅಧ್ಯಕ್ಷರು. ಕೂತಲ್ಲಿ ಕೂರುವ ಜೀವವಲ್ಲ. ಮೊಬೈಲು ಬಂದು ಜನ ಕಾಗದ ಬರೆಯುವುದನ್ನೇ ಬಿಡುತ್ತಿದ್ದ ಆ ವರ್ಷಗಳಲ್ಲೂ ಪ್ರದರ್ಶನವೆಂದರೆ ಸಾಕು, ಭೂತಗನ್ನಡಿ ಹಿಡಿದು ಮೇಜಿನಿಂದ ಮೇಜಿಗೆ ಶತಪಥ ಹಾಕುತ್ತಿದ್ದರು. ಯಾವ ಚೀಟಿ ಕಂಡರೂ ಒಂದೇ ಮಾತು: “ಅಚ್ಛಾ, ಇನ್ನೊಂದ್ಸಲ ನೋಡೋಣ.” ನಕಲಿ ಮಾರಿ ಸಿಕ್ಕಿಬಿದ್ದವರ ಮೇಜಿಗೆ ದಿನವಿಡೀ ಬಿಳಿ ಬಟ್ಟೆ ಹೊದಿಸುವ ನಿಯಮ ತಂದವರೂ ಅವರೇ.

ನೋಯ್ಡಾದ ಪ್ರದರ್ಶನದಲ್ಲಿ, ಅವರಿಂದಲೇ ಆಗಷ್ಟೇ ಕೊಂಡಿದ್ದ ಚೀಟಿಯನ್ನು ಅವರ ಮುಂದೆ ಹಿಡಿದೆ. “ಸರ್, ಒದ್ದೆ ಬೆರಳು ತಾಗಿದ್ದಕ್ಕೇ ಬಣ್ಣ ಬಿಡ್ತಿದೆ.”

ಬೇರೆಯದು ಕೊಟ್ಟು ಕಳಿಸಿಬಿಡಿ ಎಂದು ಸಂಘದ ಕಾರ್ಯದರ್ಶಿ ಹಿಂದಿಯಲ್ಲಿ ಪಿಸುಗುಟ್ಟಿದರು. ನನಗೂ ಅಷ್ಟೇ ಬೇಕಿತ್ತು.

“ಅಚ್ಛಾ, ಇನ್ನೊಂದ್ಸಲ ನೋಡೋಣ” ಎಂದು ಅವರು ಬಹಳ ಹೊತ್ತು ನೋಡಿದರು. ಆಮೇಲೆ ಬಿಳಿ ಬಟ್ಟೆ ತಂದು ತಮ್ಮ ಮೇಜಿಗೇ ಹೊದಿಸಿದರು. ಕೇಳಿದವರಿಗೆಲ್ಲ “ನಕಲಿ ಮಾರ್ಬಿಟ್ಟೆ” ಎನ್ನುತ್ತ ಅದರ ಪಕ್ಕದಲ್ಲೇ ನಿಂತರು. ಅವರು ಒಂದೇ ಕಡೆ ನಿಂತಿದ್ದನ್ನು ನಾನು ಕಂಡಿದ್ದು ಅದೇ ಮೊದಲು.

ಸ್ವಲ್ಪ ಹೊತ್ತಿಗೆ ಸುತ್ತಲಿನ ವ್ಯಾಪಾರಿಗಳು ತಮ್ಮ ಆಲ್ಬಮ್‌ಗಳಿಂದ ಒಂದೊಂದೇ ಚೀಟಿ ತೆಗೆದು ಮೆಲ್ಲನೆ ಜೇಬಿಗಿಳಿಸತೊಡಗಿದರು. ಅದು ಅಧ್ಯಕ್ಷರ ಕಣ್ಣಿಗೂ ಬಿತ್ತು. ಭೂತಗನ್ನಡಿ ಎತ್ತಿಕೊಂಡು ಮತ್ತೆ ಶತಪಥಕ್ಕೆ ಹೊರಟರು.